ಪುಟ್ಟಿಯ ಭೇದಿ, ತಾಯಿ ಕಾರ್ಡು ಮತ್ತು ಉಳಿದುಹೋದ ಮೂರನೇ ಡೋಸು

ನಾವು ಬಾಗಲಕೋಟೆ ಕಡೆಯವರು. ಪುಣೆಗೆ ಬಂದು 6 ವರ್ಷವಾಯಿತು, ಸಿಂಹಗಡ ರಸ್ತೆಯ ಧಾಯರಿ ಹತ್ತಿರ ಮನೆ. ಮಗಳು ಹುಟ್ಟಿದ್ದು 2025ರ ಮೇ ತಿಂಗಳಲ್ಲಿ, ನನ್ನ ತವರಿನಲ್ಲಿ. ಈ ಜನವರಿಯಲ್ಲಿ ಅವಳಿಗೆ 8 ತಿಂಗಳು ತುಂಬಿದ ವಾರದಲ್ಲೇ ರೋಟಾವೈರಸ್ ಭೇದಿ ಹತ್ತಿತು. 3 ರಾತ್ರಿ ಆಸ್ಪತ್ರೆ, ಆಮೇಲೆ ಸುಮಾರು ಒಂದು ತಿಂಗಳು ಕಾಗದಪತ್ರದ ಓಡಾಟ. ನಡುರಾತ್ರಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕನ್ನಡದಲ್ಲಿ ಹುಡುಕಿದರೆ ನನಗೆ ದಾಳಿಂಬೆ ಸಿಪ್ಪೆಯ ಕಷಾಯ ಬಿಟ್ಟು ಬೇರೇನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅಕೌಂಟ್ಸ್ ಕೆಲಸ ಮಾಡುವವಳು. ಮೈಲಿ ಅಲ್ಲ, ಗ್ರಾಂ ಅಲ್ಲ, ಎಲ್ಲವನ್ನೂ ರೂಪಾಯಿಯಲ್ಲಿ ಬರೆದಿಟ್ಟು ಅಭ್ಯಾಸ. ಈ ಸಲ ಮಿಲಿಲೀಟರ್ ಕೂಡ ಬರೆಯುವುದನ್ನು ಕಲಿತೆ.

ಶುರುವಾದದ್ದು ಸಂಕ್ರಾಂತಿಯ ವಾರ. ನಮ್ಮ ಸೊಸೈಟಿಯಲ್ಲಿ ಶನಿವಾರ ಸಂಜೆ ಪುಟ್ಟ ಮಕ್ಕಳಿಗೆ ಬೋರನಹಾಣ ಇಟ್ಟಿದ್ದರು. ನಮ್ಮ ಕಡೆ ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ತುಂಡು ಎರೆಯುತ್ತಾರಲ್ಲ, ಅದೇ. ಇಲ್ಲಿ ಜತೆಗೆ ಚುರುಮುರಿ, ಚಾಕಲೇಟು, ಸಕ್ಕರೆ ಕುಸುರೆಳ್ಳೂ ಬೀಳುತ್ತವೆ. ಪುಟ್ಟಿಗೆ ಕಪ್ಪು ಫ್ರಾಕು, ಕುಸುರೆಳ್ಳಿನ ಕಿರೀಟ. ಮೇಲಿಂದ ಸುರಿದದ್ದೇ ತಡ, ಹತ್ತು ಹನ್ನೆರಡು ಮಕ್ಕಳು ನೆಲಕ್ಕೆ ಬಿದ್ದು ಆರಿಸತೊಡಗಿದರು. ನಮ್ಮವಳೂ ಒಂದು ಕಬ್ಬಿನ ತುಂಡು ಬಾಯಿಗೆ ಹಾಕಿಕೊಂಡಳು. ನಾನೇ ಫೋಟೋ ತೆಗೆದೆ. ಆ ಮಕ್ಕಳಲ್ಲಿ ಒಬ್ಬನಿಗೆ ಎರಡು ದಿನದಿಂದ ಹೊಟ್ಟೆ ಸರಿ ಇರಲಿಲ್ಲ ಅಂತ ಗೊತ್ತಾದದ್ದು ಆಮೇಲೆ. ಅವನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಹೇಳೋಕೆ ಆಗುವುದೂ ಇಲ್ಲ. ಆದರೆ ಈ ವೈರಸ್ ನೂರಕ್ಕಿಂತ ಕಡಿಮೆ ಕಣ ಹೊಟ್ಟೆಗೆ ಹೋದರೂ ಸಾಕಂತೆ, ಕಾಯಿಲೆ ಬಿದ್ದ ಮಗುವಿನ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಇರುತ್ತವಂತೆ. ಒಳಗೆ ಹೋಗಿ ಎರಡು ದಿನಕ್ಕೆ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಲೆಕ್ಕ ಸರಿಯಾಗಿತ್ತು. ಸೋಮವಾರ ರಾತ್ರಿ 11ಕ್ಕೆ ಮೊದಲ ವಾಂತಿ. ಕುಡಿದ ಹಾಲೆಲ್ಲ ಹೊರಗೆ. ಬೆಳಗಿನ ಜಾವದ ತನಕ 5 ಸಲ, ಜತೆಗೆ ಜ್ವರ. ಭೇದಿ ಶುರುವಾದದ್ದು ಮಂಗಳವಾರ ಬೆಳಿಗ್ಗೆ. ಹಳದಿ ಹಸಿರು ನೀರು, ಹುಳಿ ನಾತ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಮೊದಲು ವಾಂತಿ, ಆಮೇಲೆ ಭೇದಿ ಅನ್ನೋದು ರೋಟಾದಲ್ಲಿ ಮಾಮೂಲಂತೆ. ನಮಗೆ ಗೊತ್ತಿರಲಿಲ್ಲ. ವಾಂತಿ ನೋಡಿ ಅಜೀರ್ಣ ಅಂದುಕೊಂಡೆವು. ಅತ್ತೆ "ಹಲ್ಲು ಬರಾಕತ್ತಾವ, ಅದಕ್ಕ ಹೊಟ್ಟಿ ಹೊಂಟೈತಿ" ಅಂದರು. ಗಂಡ ನೀರಿನ ಟ್ಯಾಂಕರ್‌ನವನಿಗೆ ಫೋನ್ ಮಾಡಿ ಜಗಳಕ್ಕೆ ನಿಂತರು. ಅದಕ್ಕೂ ಕಾರಣವಿತ್ತು. 2025ರ ಜನವರಿಯಲ್ಲಿ ಇದೇ ಸಿಂಹಗಡ ರಸ್ತೆಯ ಸುತ್ತಮುತ್ತ ಜಿಬಿಎಸ್ ಅನ್ನೋ ನರದ ಕಾಯಿಲೆ ಹರಡಿ, ಜನಕ್ಕೆ ಕೈಕಾಲು ಸ್ವಾಧೀನ ತಪ್ಪಿ, ನೀರಿನ ಹೆಸರೆತ್ತಿದರೆ ಎಲ್ಲರೂ ಬೆಚ್ಚುತ್ತಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಯಿಸದ ನೀರು ಇಲ್ಲವೇ ಇಲ್ಲ. ಆದರೂ ಬಂತು. ಯಾಕೆಂದರೆ ರೋಟಾ ಬರೀ ನೀರಿನ ಕಾಯಿಲೆ ಅಲ್ಲ, ಕೈ, ಆಟಿಕೆ, ನೆಲ, ಬಾಗಿಲ ಹಿಡಿಕೆ ಎಲ್ಲದರಿಂದಲೂ ದಾಟುತ್ತದೆ. ಲಸಿಕೆ ಬರುವ ಮುಂಚೆ ಅಮೆರಿಕದಲ್ಲೂ 5 ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ತಗಲುತ್ತಿತ್ತು. ಅಲ್ಲಿ ಮಕ್ಕಳು ಸಾಯುತ್ತಿದ್ದದ್ದು ಕಡಿಮೆ, ಅಷ್ಟೇ.

ಈಗ ನಮ್ಮ ತಪ್ಪುಗಳು. ಒಂದಲ್ಲ, ಎರಡು.

ಗಂಡ ಔಷಧಿ ಅಂಗಡಿಗೆ ಹೋಗಿ "ಮಗುವಿಗೆ ಜುಲಾಬು" ಅಂದದ್ದಕ್ಕೆ ಅವನು ಕೊಟ್ಟದ್ದು ಸೇಬಿನ ರುಚಿಯ ಟೆಟ್ರಾ ಪ್ಯಾಕು. ಎಲೆಕ್ಟ್ರೋಲೈಟ್ ಅಂತ ದೊಡ್ಡದಾಗಿ ಬರೆದಿತ್ತು. ಹಿಂದೆ ತಿರುಗಿಸಿ ನೋಡಿದರೆ ಸಕ್ಕರೆಯೇ ಜಾಸ್ತಿ. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ (ಭೇದಿಯಲ್ಲಿ ಹೋದ ನೀರು, ಲವಣ ತುಂಬಿಕೊಡುವ ಅಳತೆಯ ಉಪ್ಪು ಸಕ್ಕರೆ ನೀರು) ಅನ್ನೋ ಪದ ಬಳಸಬಾರದು ಅಂತ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ, ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ. ಹೆಸರು ಬದಲಾದರೂ ಒಳಗಿನದ್ದು ಅದೇ. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೆ ಇನ್ನಷ್ಟು ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ನಾವು ಅರ್ಧ ಪ್ಯಾಕು ಕುಡಿಸಿಬಿಟ್ಟಿದ್ದೆವು.

ಎರಡನೆಯದು ಇನ್ನೂ ಕೆಟ್ಟದ್ದು. ಮಧ್ಯಾಹ್ನ ಸರಿಯಾದ ಓಆರ್‌ಎಸ್ ಪುಡಿ ತಂದೆವು. ದೊಡ್ಡ ಪೊಟ್ಟಣ, 21 ಗ್ರಾಮಿನದ್ದು. ಅದನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಬೇಕು. 4 ಗ್ರಾಂ ಚಿಲ್ಲರೆಯ ಸಣ್ಣ ಪೊಟ್ಟಣವೂ ಬರುತ್ತದೆ, ಅದು 200 ಮಿಲಿಲೀಟರಿಗೆ. ಮಗು ಚಿಕ್ಕದು, ಒಂದು ಲೀಟರ್ ಯಾರು ಕುಡಿಯುತ್ತಾರೆ ಅಂತ ನಾನು ದೊಡ್ಡ ಪೊಟ್ಟಣವನ್ನು ಹಾಲಿನ ಬಾಟಲಿಗೆ ಸುರಿದು ಅಲ್ಲಾಡಿಸಿದೆ. ಬಾಟಲಿ ಹಿಡಿಯುವುದು 250. ಅಂದರೆ ನಾಲ್ಕು ಪಟ್ಟು ಉಪ್ಪು. ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಅವಳು ಗಟಗಟ ಕುಡಿದಳು, ಎಷ್ಟು ಬಾಯಾರಿತ್ತೋ. ನಾನು ಖುಷಿಪಟ್ಟೆ.

ನಾಲ್ಕೂವರೆ ಹೊತ್ತಿಗೆ ಅಳು ಬದಲಾಯಿತು. ಕೀರಲು ಧ್ವನಿ, ಕಣ್ಣೀರೇ ಇಲ್ಲ. ಚಮಚ ತುಟಿಗೆ ಮುಟ್ಟಿಸಿದರೆ ಅಂಚನ್ನೇ ಕಚ್ಚಿ ಹಿಡಿಯುತ್ತಿದ್ದಳು, ಬಿಡುತ್ತಿರಲಿಲ್ಲ. ನೆತ್ತಿ ಮುಟ್ಟಿದರೆ ಸಣ್ಣ ಬಟ್ಟಲಿನ ಹಾಗೆ ಗುಳಿ. ಬೆಳಿಗ್ಗೆ ಹತ್ತರಿಂದ ಉಚ್ಚೆ ಇಲ್ಲ ಅಂತ ಆಗ ಹೊಳೆಯಿತು. ಡೈಪರ್ ಒದ್ದೆ ಇದ್ದದ್ದೆಲ್ಲ ಭೇದಿಯದ್ದೇ, ಅದನ್ನು ಉಚ್ಚೆ ಅಂದುಕೊಂಡಿದ್ದೆ. ಇದೊಂದು ನೆನಪಿಡಿ. ನೀರಿನಂಥ ಭೇದಿ ಆಗುವಾಗ ಡೈಪರ್ ನೋಡಿ ಮೋಸ ಹೋಗುತ್ತೀರಿ. ಆ ದಿನ ಡೈಪರ್ ಬಿಚ್ಚಿ ಬಟ್ಟೆ ಕಟ್ಟಿದರೆ ಎಷ್ಟೋ ವಾಸಿ. 6 ಗಂಟೆ ಉಚ್ಚೆ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಕೆಳಗಿಳಿಯುತ್ತದೆ ಅಂದರೆ ಮನೆಯಲ್ಲಿ ಕೂರಬೇಡಿ. ಮಲದಲ್ಲಿ ರಕ್ತ ಕಂಡರೂ ಅಷ್ಟೇ.

ಆಸ್ಪತ್ರೆಯ ಹೆಸರು ಬೇಡ. ಕೌಂಟರಿನಲ್ಲಿ 20,000 ಡಿಪಾಸಿಟ್ ಕೇಳಿದರು, ಗಂಡ ಅಲ್ಲಿ ನಿಂತರು, ನಾನು ಮಗು ಎತ್ತಿಕೊಂಡು ಒಳಗೆ ಓಡಿದೆ. ತೂಕ 7.4 ಕೆಜಿ. ಎಂಟು ದಿನದ ಹಿಂದೆ ತೂಗಿಸಿದಾಗ 8.1 ಇತ್ತು. ಡಾಕ್ಟರ್ ಕ್ಯಾಲ್ಕ್ಯುಲೇಟರ್ ಇಲ್ಲದೆಯೇ "ಎಂಟೊಂಬತ್ತು ಪರ್ಸೆಂಟ್ ನೀರು ಹೋಗಿದೆ" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? ಓಆರ್‌ಎಸ್ ಕೊಟ್ಟಿರಾ ಅಂತಲ್ಲ. "ಎಷ್ಟು ನೀರಿಗೆ ಕಲಸಿದಿರಿ?" ಹೇಳಿದೆ. ಅವರು ಬೈಯಲಿಲ್ಲ, ನರ್ಸ್ ಕಡೆ ತಿರುಗಿ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶದ ಪರೀಕ್ಷೆಗೆ ತಕ್ಷಣ ಕಳಿಸಿ ಅಂದರು. 152 ಬಂತು. 145ರ ಒಳಗಿರಬೇಕು. ಇದನ್ನು ಬೇಗ ಇಳಿಸಿದರೆ ಮಿದುಳಿಗೆ ಅಪಾಯ, ಅದಕ್ಕೆ ಸಲೈನ್ ನಿಧಾನಕ್ಕೆ, ಎರಡು ದಿನದಲ್ಲಿ. ಅಂದರೆ ಒಂದು ರಾತ್ರಿಯಲ್ಲಿ ಮುಗಿಯಬಹುದಾಗಿದ್ದದ್ದು ನನ್ನ ಬಾಟಲಿಯಿಂದಾಗಿ ಮೂರು ರಾತ್ರಿಯಾಯಿತು.

ನರ ಹುಡುಕಲು ನರ್ಸಿಗೆ 40 ನಿಮಿಷ ಹಿಡಿಯಿತು. ನೀರು ಕಳೆದುಕೊಂಡ ಮಗುವಿನ ನರ ದಾರದ ಹಾಗೆ ಸಣ್ಣಗಾಗಿರುತ್ತದೆ. ಎಡಗೈ, ಬಲಗೈ, ಪಾದ, ಮತ್ತೆ ಎಡಗೈ. ಸಿಕ್ಕ ಮೇಲೆ ಅಲ್ಲಾಡದಿರಲಿ ಅಂತ ಔಷಧಿಯ ರಟ್ಟಿನ ಡಬ್ಬಿ ಕತ್ತರಿಸಿ, ಹತ್ತಿ ಸುತ್ತಿ, ಅಂಗೈಗೆ ಒತ್ತಾಗಿಟ್ಟು ಟೇಪು ಹಾಕಿದರು. ಆ ರಟ್ಟಿನ ಮೇಲೆ ಯಾವುದೋ ಕೆಮ್ಮಿನ ಸಿರಪ್ಪಿನ ಅರ್ಧ ಹೆಸರಿತ್ತು. ಮೂರು ದಿನ ಅವಳು ಆ ಕೈಯನ್ನು ತನ್ನದಲ್ಲ ಅನ್ನುವ ಹಾಗೆ ನೋಡುತ್ತಿದ್ದಳು, ಆಗಾಗ ಅದರಿಂದಲೇ ನನ್ನ ಮೂಗಿಗೆ ಬಡಿಯುತ್ತಿದ್ದಳು.

ನರ್ಸ್ ಒಂದು ಅಡುಗೆಮನೆ ತಕ್ಕಡಿ ಕೊಟ್ಟು, ಬಿಚ್ಚಿದ ಪ್ರತಿ ಡೈಪರ್ ತೂಗಿ ಬರೆಯಲು ಹೇಳಿದರು. ಒಣ ಡೈಪರಿನ ತೂಕ ಕಳೆದರೆ ಉಳಿದ ಗ್ರಾಮುಗಳೇ ಮಿಲಿಲೀಟರು, ಅಷ್ಟು ನೀರು ಹೋಗಿದೆ ಅಂತ ಅರ್ಥ. ಇದು ನನ್ನ ಕೆಲಸಕ್ಕೆ ಹೊಂದುವ ಕೆಲಸ. ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ. ಬುಧವಾರ ರಾತ್ರಿ 3 ಗಂಟೆಗೆ ಮೊದಲ ಸಲ ಬರೀ ಉಚ್ಚೆಯ ಡೈಪರ್ ಸಿಕ್ಕಿತು. 62 ಗ್ರಾಂ. ಗಂಡನನ್ನು ಎಬ್ಬಿಸಿ ತೋರಿಸಿದೆ.

ಮರುದಿನ ಬೆಳಿಗ್ಗೆಯಿಂದ ಸಲೈನ್ ಜತೆಗೇ ಓಆರ್‌ಎಸ್ ಶುರು, ಸರಿಯಾಗಿ ಕಲಸಿದ್ದು. ಒಂದೊಂದೇ ಚಮಚ, ನಿಮಿಷಕ್ಕೊಂದು. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನಕ್ಕೆ. ಬಾಟಲಿಯಲ್ಲಿ ಕೊಟ್ಟರೆ ಒಮ್ಮೆಗೇ ಕುಡಿದು ಒಮ್ಮೆಗೇ ಕಕ್ಕುತ್ತಾರೆ. ಎದೆಹಾಲು ನಿಲ್ಲಿಸಲಿಲ್ಲ. ವಯಸ್ಸಾದ ಡಾಕ್ಟರ್ ಒಬ್ಬರು ರೌಂಡ್ಸಿಗೆ ಬರುತ್ತಿದ್ದರು, ಅವರು ನಾನು ಚಮಚ ಹಿಡಿದು ಕೂತದ್ದು ನೋಡಿ 1971ರ ಕಥೆ ಹೇಳಿದರು. ಬಾಂಗ್ಲಾ ಯುದ್ಧದ ಹೊತ್ತಿಗೆ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಸಲೈನ್ ಮುಗಿಯಿತು. ದಿಲೀಪ್ ಮಹಾಲನಬಿಸ್ ಅನ್ನೋ ಡಾಕ್ಟರ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ತಟಕ್ಕನೆ ಇಳಿಯಿತು. "ಅಲ್ಲಿ ಯಾರಿಗೂ ಡಿಗ್ರಿ ಇರಲಿಲ್ಲ, ಅಳತೆ ಮಾತ್ರ ಸರಿ ಇತ್ತು" ಅಂದರು. ಬೇಕಂತಲೇ ಅಂದರೋ ಏನೋ, ನನಗೆ ನಾಟಿತು.

ಆ್ಯಂಟಿಬಯೋಟಿಕ್ ಕೊಡಲಿಲ್ಲ. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನೂ ಕೊಡಲಿಲ್ಲ. ಪಕ್ಕದ ಹಾಸಿಗೆಯವರು ಇದಕ್ಕೇ ಜಗಳ ತೆಗೆದು ಡಿಸ್ಚಾರ್ಜ್ ಮಾಡಿಸಿಕೊಂಡು ಹೋದರು.

ಮಲದ ಪರೀಕ್ಷೆಗೆ 1,400 ತೆಗೆದುಕೊಂಡರು. ಗರ್ಭಿಣಿ ಪರೀಕ್ಷೆಯ ಪಟ್ಟಿಯ ಹಾಗೇ ಇರುತ್ತದೆ, ಎರಡು ಗೀಟು ಬಂದರೆ ಇದೆ ಅಂತ. ಸ್ಯಾಂಪಲ್ ಹಿಡಿಯುವುದೇ ಕಷ್ಟ, ನೀರಾದ್ದರಿಂದ ಡೈಪರ್ ಎಲ್ಲವನ್ನೂ ಹೀರಿಬಿಡುತ್ತದೆ. ಡೈಪರನ್ನು ಒಳಗು ಹೊರಗು ಮಾಡಿ, ಪ್ಲಾಸ್ಟಿಕ್ ಮೈ ಮಗುವಿನ ಕಡೆ ಬರುವ ಹಾಗೆ ಕಟ್ಟಿದರೆ ನಿಲ್ಲುತ್ತದೆ. ಇದನ್ನು ಹೇಳಿಕೊಟ್ಟದ್ದು ಆಯಾ.

ರೋಟಾ ಪಾಸಿಟಿವ್ ಅಂದಾಗ ನನಗೆ ಸಿಟ್ಟು ಬಂತು. ಲಸಿಕೆ ಹಾಕಿಸಿದ್ದೆನಲ್ಲ! ಆಗಲೇ ನನಗೊಂದು ಹುಚ್ಚು ಹತ್ತಿದ್ದು: ಯಾವ ತಳಿ, ಯಾವ ಕಂಪನಿಯ ಲಸಿಕೆ, ಎರಡಕ್ಕೂ ಹೊಂದಾಣಿಕೆ ಇತ್ತಾ ಇಲ್ಲವಾ. ಡಾಕ್ಟರನ್ನು ಕೇಳಿದೆ, "ತಳಿ ಯಾವುದು ಅಂತ ಪರೀಕ್ಷೆ ಮಾಡಿಸಿ, ದುಡ್ಡು ಕೊಡುತ್ತೇವೆ." ಅವರು ನಕ್ಕರು. ಈ ಪಟ್ಟಿ ಇದೆ, ಇಲ್ಲ ಅಂತ ಮಾತ್ರ ಹೇಳುತ್ತದೆ. ತಳಿ ಹಿಡಿಯಲು ವೈರಸ್ಸಿನ ಆರ್‌ಎನ್‌ಎ ನೋಡಬೇಕು, ಅದನ್ನು ಮಾಡುವುದು ಕಣ್ಗಾವಲು ಪ್ರಯೋಗಾಲಯಗಳು, ದೇಶದಲ್ಲಿ ಯಾವುದು ಓಡಾಡುತ್ತಿದೆ ಅಂತ ತಿಳಿಯಲು. ಚಿಕಿತ್ಸೆ ಮಾತ್ರ ಯಾವ ತಳಿಗೂ ಒಂದೇ, ಅದೇ ಚಮಚ. ಪುಣೆಯಲ್ಲೇ ವೈರಸ್ ಅಧ್ಯಯನದ ರಾಷ್ಟ್ರೀಯ ಸಂಸ್ಥೆ ಎನ್‌ಐವಿ ಇದೆ, ರೋಟಾಸಿಲ್ ಲಸಿಕೆ ಮಾಡುವ ಸೀರಂ ಇನ್‌ಸ್ಟಿಟ್ಯೂಟ್ ಹಡಪಸರದಲ್ಲಿದೆ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ನನ್ನ ಮಗಳ ವೈರಸ್ಸಿನ ಹೆಸರು ಮಾತ್ರ ನನಗೆ ಸಿಗಲಿಲ್ಲ.

ಆದರೂ ನಿದ್ದೆ ಇಲ್ಲದ ಆ ರಾತ್ರಿಗಳಲ್ಲಿ ಓದಿದ್ದು, ಡಾಕ್ಟರ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡದ್ದು ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಒಬ್ಬರ ಗುರುತು ಹೇಳಬೇಕಾದರೆ ಊರ ಹೆಸರು, ಮನೆತನದ ಹೆಸರು ಎರಡೂ ಬೇಕಲ್ಲ. ರೋಟಾಗೂ ಹಾಗೇ. ಅದರ ಹೊರಮೈಯಲ್ಲಿ ಎರಡು ಪ್ರೋಟೀನುಗಳು, ಒಂದರ ಗುರುತು ಜಿ, ಇನ್ನೊಂದರದ್ದು ಪಿ. ಜಿ1ಪಿ8, ಜಿ2ಪಿ4, ಜಿ9ಪಿ8 ಹೀಗೆ. ಇದರ ಆರ್‌ಎನ್‌ಎ 11 ತುಂಡುಗಳಲ್ಲಿರುವುದರಿಂದ, ಒಂದೇ ಮಗುವಿಗೆ ಎರಡು ತಳಿ ಒಟ್ಟಿಗೆ ಹೊಕ್ಕರೆ ಇಸ್ಪೀಟಿನ ಎರಡು ಕಟ್ಟು ಕಲಸಿದ ಹಾಗೆ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ಹುಟ್ಟಬಹುದು. ಬಡ ದೇಶಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಒಂದೇ ಹೊತ್ತಿಗೆ ಹಲವು ತಳಿ ಓಡಾಡುತ್ತಿರುತ್ತವೆ, ದನಕರುಗಳ ರೋಟಾ ಕೂಡ ಹತ್ತಿರದಲ್ಲೇ ಇರುತ್ತದೆ.

ನನಗೆ ಖುಷಿ ಕೊಟ್ಟ ಒಂದು ಸಂಗತಿ. ನಮ್ಮ ಸರ್ಕಾರಿ ಕಾರ್ಯಕ್ರಮದ ರೋಟಾವ್ಯಾಕ್ ಲಸಿಕೆ ಹುಟ್ಟಿದ್ದು 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಹಸುಗೂಸುಗಳಿಂದ. ಅವಕ್ಕೆ ಸೋಂಕಿತ್ತು, ಆದರೆ ಭೇದಿ ಇರಲಿಲ್ಲ. ಆ ತಳಿಗೆ 116ಇ ಅಂತ ಹೆಸರು, ಅದರ ಹಿಂದೆ ಬಿದ್ದವರು ಡಾ. ಎಂ.ಕೆ. ಭಾನ್. ಅದೇ ಕಾಲಕ್ಕೆ ಬೆಂಗಳೂರಿನ ಹಸುಗೂಸುಗಳಲ್ಲೂ ಹೀಗೇ ತೊಂದರೆ ಕೊಡದ ತಳಿಯೊಂದು ಸಿಕ್ಕಿತ್ತು, ಐ321 ಅಂತ, ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅದರ ಮೇಲೆ ಕೆಲಸ ಮಾಡಿದರು. ಎರಡನ್ನೂ ಮಕ್ಕಳಿಗೆ ಕೊಟ್ಟು ನೋಡಿದಾಗ ದೆಹಲಿಯದ್ದು ಚೆನ್ನಾಗಿ ಹತ್ತಿತು, ನಮ್ಮ ಬೆಂಗಳೂರಿನದ್ದು ಹಿಂದೆ ಉಳಿಯಿತು. 116ಇ ಜಿ9 ತಳಿ, ಆದರೂ ಜಿ1, ಜಿ2 ಎಲ್ಲದರ ಮೇಲೂ ಕಾಪಾಡುತ್ತದೆ. ಹಾಗಾಗಿ ತಳಿಗೂ ಲಸಿಕೆಗೂ ಹೆಸರು ಹೊಂದಲೇಬೇಕು ಅನ್ನೋ ನನ್ನ ಲೆಕ್ಕ ಅಲ್ಲೇ ಬಿದ್ದುಹೋಯಿತು.

ಹಾಗಾದರೆ ಯಾಕೆ ಬಂತು? ರೋಟಾವ್ಯಾಕ್ ಪರೀಕ್ಷೆ ದೆಹಲಿ, ಪುಣೆ, ವೆಲ್ಲೂರಿನ ಸುಮಾರು 6,800 ಮಕ್ಕಳ ಮೇಲೆ ನಡೆಯಿತು, 2014ರಲ್ಲಿ ಫಲಿತಾಂಶ ಬಂತು. ಜೋರಿನ ರೋಟಾ ಭೇದಿಯನ್ನು ಮೊದಲ ವರ್ಷ ತಡೆದದ್ದು ಶೇಕಡಾ 56. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು 85ಕ್ಕಿಂತ ಮೇಲೆ ತಡೆಯುತ್ತವೆ. ಲಸಿಕೆ ಕೆಟ್ಟದ್ದು ಅಂತಲ್ಲ, ಅಲ್ಲಿ ಚೆನ್ನಾಗಿ ಕೆಲಸ ಮಾಡಿದ ವಿದೇಶಿ ಲಸಿಕೆಗಳೂ ಆಫ್ರಿಕಾ, ಏಷ್ಯಾದ ಬಡ ದೇಶಗಳಿಗೆ ಬಂದಾಗ ಹೀಗೇ ಇಳಿದವು. ಪದೇಪದೇ ಸೋಂಕಿನಿಂದ ಸವೆದ ಕರುಳು, ಅಪೌಷ್ಟಿಕತೆ, ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನೇ ತಡೆಯುವುದು, ಜತೆಗೆ ಕೊಡುವ ಪೋಲಿಯೋ ಹನಿ, ಹೀಗೆ ಹಲವು ಕಾರಣ ಹೇಳುತ್ತಾರೆ. ಲಸಿಕೆ ಬಿಡಿ, ನಿಜವಾದ ಸೋಂಕಿನ ಲೆಕ್ಕವೂ ಹಾಗೇ ಇದೆ. ಮೆಕ್ಸಿಕೋದಲ್ಲಿ ಎರಡು ಸಲ ರೋಟಾ ಬಂದುಹೋದ ಮಕ್ಕಳಿಗೆ ಮತ್ತೆ ಜೋರಾಗಿ ಬರಲೇ ಇಲ್ಲ. ವೆಲ್ಲೂರಿನಲ್ಲಿ ಮೂರು ಸಲ ಬಂದ ಮೇಲೂ ರಕ್ಷಣೆ ಶೇಕಡಾ 79. ಅರ್ಧಕ್ಕರ್ಧ ಅಂದರೆ ಏನು ಮಹಾ ಅಂತ ನನಗೂ ಅನಿಸಿತ್ತು. ಆದರೆ ಲಸಿಕೆಗೂ ಮುಂಚೆ ನಮ್ಮ ದೇಶದಲ್ಲಿ ವರ್ಷಕ್ಕೆ 78,000 ಮಕ್ಕಳು ಇದರಿಂದ ಸಾಯುತ್ತಿದ್ದರು ಅನ್ನೋ ಅಂದಾಜು. ಅದರಲ್ಲಿ ಅರ್ಧ ಎಷ್ಟು ಅಂತ ಲೆಕ್ಕ ಹಾಕಿ ಸುಮ್ಮನಾದೆ.

ಮತ್ತೆ ನಮ್ಮ ಪುಟ್ಟಿಗೆ ಮೂರು ಡೋಸೂ ಆಗಿರಲಿಲ್ಲ! ಇದು ಗೊತ್ತಾದದ್ದು ಡಿಸ್ಚಾರ್ಜ್ ದಿನ, ಕಾರ್ಡು ತೆಗೆದಾಗ. ಅದಕ್ಕೆ ಬರುತ್ತೇನೆ.

ಶುಕ್ರವಾರ ಮನೆಗೆ ಕಳಿಸಿದರು. ಜಿಂಕ್ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತಿತು ಅಂತ ನಡುವೆ ಬಿಡಬಾರದು. ಊಟ ಮಾಮೂಲಿನಂತೆ, ಮೆತ್ತಗಿನ ಅನ್ನ, ಬೇಳೆ, ಬಾಳೆಹಣ್ಣು, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ. ಅತ್ತೆ ಎರಡು ದಿನ ಹೊಟ್ಟೆ ಖಾಲಿ ಇರಲಿ ಅಂತ ಹಟ ಹಿಡಿದಿದ್ದರು, ಡಾಕ್ಟರ್ ಕೈಯಿಂದಲೇ ಫೋನಿನಲ್ಲಿ ಹೇಳಿಸಿದೆ. ಕಲಸಿದ ಓಆರ್‌ಎಸ್ 24 ಗಂಟೆ ದಾಟಿದರೆ ಚೆಲ್ಲಿ. ನಾನು ಈಗ ಒಂದು ಲೀಟರಿನ ಸ್ಟೀಲ್ ತಂಬಿಗೆಗೆ ಒಳಗೆ ಗೀಟು ಹಾಕಿ ಇಟ್ಟಿದ್ದೇನೆ.

ಇನ್ಶೂರೆನ್ಸ್ ಬಗ್ಗೆ ಬೇಗ ಮುಗಿಸುತ್ತೇನೆ, ನೆನಪಾದರೆ ತಲೆ ಕೆಡುತ್ತದೆ. ಗಂಡನ ಆಫೀಸಿನ ಪಾಲಿಸಿ. ಮಗುವನ್ನು ಸೇರಿಸಿದಾಗ ಹೆಸರಿಟ್ಟಿರಲಿಲ್ಲ, ಆದ್ದರಿಂದ ಪಾಲಿಸಿಯಲ್ಲಿ "ಬೇಬಿ ಆಫ್" ಅಂತ ನನ್ನ ಹೆಸರು. ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು. ಎರಡೂ ಒಂದೇ ಮಗು ಅಂತ ರಾತ್ರಿ ಹೊತ್ತು ಯಾರು ನಂಬುತ್ತಾರೆ? ಕ್ಯಾಶ್‌ಲೆಸ್ ಆಗಲಿಲ್ಲ. ಬಿಲ್ 41,860, ಪೂರ್ತಿ ನಾವೇ ಕಟ್ಟಿದೆವು. ಕ್ಲೇಮ್ ಹಾಕಿದ ಮೇಲೆ ಬಂದ ಪ್ರಶ್ನೆ: ಭೇದಿಗೆ ಅಡ್ಮಿಟ್ ಯಾಕೆ ಬೇಕಿತ್ತು? ಡಿಸ್ಚಾರ್ಜ್ ಸಮರಿಯಲ್ಲಿ ಬರೀ "ವಾಂತಿ ಭೇದಿ" ಅಂತ ಇತ್ತು. ಮತ್ತೆ ಹೋಗಿ ತೂಕ ಎಷ್ಟು ಇಳಿದಿತ್ತು, ಸೋಡಿಯಂ ಎಷ್ಟಿತ್ತು ಎಲ್ಲ ಬರೆಸಿಕೊಂಡು ಬಂದೆ. ನೀವು ಮನೆಗೆ ಹೊರಡುವ ಮುಂಚೆಯೇ ಈ ಎರಡು ಅಂಕಿ ಬರೆದಿದ್ದಾರಾ ನೋಡಿಕೊಳ್ಳಿ. ಮಗುವಿಗೆ ಹೆಸರಿಟ್ಟ ವಾರವೇ ಪಾಲಿಸಿಯಲ್ಲೂ ಬದಲಾಯಿಸಿ. ಕೊನೆಗೆ ಡೈಪರು, ಕೈಗವಸು, ರೂಮಿನ ವ್ಯತ್ಯಾಸ, ನೋಂದಣಿ ಎಲ್ಲ ಸೇರಿ 8,410 ಕಳೆದರು.

ಈಗ ಕಾರ್ಡು. ಕರ್ನಾಟಕದಲ್ಲಿ ನಮಗೆ ಕೊಟ್ಟದ್ದು ತಾಯಿ ಕಾರ್ಡು. ಅದರಲ್ಲಿ ಆರ್‌ವಿವಿ-1, ಆರ್‌ವಿವಿ-2 (ರೋಟಾ ಲಸಿಕೆಯ ಮೊದಲ, ಎರಡನೇ ಡೋಸು) ಎದುರು ತಾರೀಕು ಇದೆ, 6 ವಾರಕ್ಕೆ, 10 ವಾರಕ್ಕೆ. ಮೂರನೆಯ ಚೌಕ ಖಾಲಿ. 14ನೇ ವಾರ ಬಂದಾಗ ನಾವು ಪುಣೆಗೆ ಬಂದಾಗಿತ್ತು, ಹತ್ತಿರದ ಖಾಸಗಿ ಕ್ಲಿನಿಕ್ಕಿನಲ್ಲಿ ಉಳಿದ ಚುಚ್ಚುಮದ್ದೆಲ್ಲ ಹಾಕಿ, ರೋಟಾ ಸ್ಟಾಕಿಲ್ಲ, ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಗಣಪತಿ ಹಬ್ಬದ ತಯಾರಿ. ಮರೆತೆವು. ಪೂರಾ ನಮ್ಮದೇ ತಪ್ಪು.

ಫೆಬ್ರವರಿಯಲ್ಲಿ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಮೂರನೇ ಡೋಸ್ ಕೊಡಿ ಅಂದರೆ ಆಗುವುದಿಲ್ಲ ಅಂದರು. ಮಕ್ಕಳ ವೈದ್ಯರ ಅಕಾಡೆಮಿಯ ಪ್ರಕಾರ ಕೊನೆಯ ಡೋಸ್ 8 ತಿಂಗಳ ಒಳಗೆ ಮುಗಿಯಬೇಕಂತೆ. ಸರ್ಕಾರಿ ಕಾರ್ಯಕ್ರಮದಲ್ಲಿ ಬೇರೆ ಲೆಕ್ಕ: ಮೊದಲ ಡೋಸ್ ಒಂದು ವರ್ಷದೊಳಗೆ ಆಗಿದ್ದರೆ ಉಳಿದದ್ದು ಪೂರ್ತಿ ಮಾಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕರುಳು ಒಂದರೊಳಗೊಂದು ತೂರಿಕೊಳ್ಳುವ ಒಂದು ಅಪರೂಪದ ತೊಂದರೆ ಇದೆ, ಅದರಿಂದಾಗಿ ಅಮೆರಿಕದಲ್ಲಿ ಮೊದಲ ರೋಟಾ ಲಸಿಕೆಯನ್ನು 1999ರಲ್ಲಿ ವಾಪಸ್ ತೆಗೆದರು. ಆ ಭಯದಿಂದ ವಯಸ್ಸಿನ ಮಿತಿ ಬಂತು. ಆದರೆ ಭೇದಿಯಿಂದ ಮಕ್ಕಳು ಸಾಯುವ ದೇಶಗಳಲ್ಲಿ, ಊರಿಂದೂರಿಗೆ ಗುಳೆ ಹೋಗಿ ತಾರೀಕು ತಪ್ಪಿದ ಮಕ್ಕಳನ್ನು ಈ ಮಿತಿಯೇ ಹೊರಗಿಟ್ಟುಬಿಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದನ್ನು ಸಡಿಲಿಸಿತು. ಒಮ್ಮೆ ರೋಟಾ ಬಂದುಹೋದ ಮೇಲೆ ಲಸಿಕೆ ಯಾಕೆ ಅಂತ ನನ್ನ ಗಂಡ ಕೇಳಿದರು. ತಳಿ ಒಂದೇ ಅಲ್ಲವಲ್ಲ, ಇನ್ನೊಂದು ಬರಬಹುದು, ಅದಕ್ಕೇ.

ಮುಂದಿನ ತೊಡಕು ಬ್ರಾಂಡು. ಮೊದಲೆರಡು ಯಾವ ಲಸಿಕೆ? ಕಾರ್ಡಿನಲ್ಲಿ ಇಲ್ಲ. ರೋಟಾವ್ಯಾಕ್ ಆದರೆ 5 ಹನಿ, ರೋಟಾಸಿಲ್ ಆದರೆ ಸಿರಿಂಜಿನಲ್ಲಿ ಅರ್ಧ ಚಮಚದಷ್ಟು ಬಾಯಿಗೆ. ಅಮ್ಮನಿಗೆ ಫೋನ್ ಮಾಡಿ ಕೇಳಿದರೆ "ಪೋಲಿಯೋ ಎರಡು ಹನಿ ಹಾಕಿದರು, ಆಮೇಲೆ ಇನ್ನೊಂದು ಏನೋ ಹಾಕಿದರು, ಅವಳು ಅರ್ಧ ಉಗುಳಿದಳು" ಅಂದಳು. ಇಷ್ಟಕ್ಕೆಲ್ಲ ನಿದ್ದೆಗೆಡಬೇಡಿ. ಒಂದೇ ಬ್ರಾಂಡ್ ಆದರೆ ಒಳ್ಳೆಯದು, ಗೊತ್ತಿಲ್ಲದಿದ್ದರೆ ಸಿಕ್ಕಿದ್ದನ್ನು ಹಾಕಿಸಿ ಮೂರು ಪೂರ್ತಿ ಮಾಡಬೇಕು, ಅಷ್ಟೇ.

9 ತಿಂಗಳು ತುಂಬಿದ ಮೇಲೆ ದಡಾರದ ಚುಚ್ಚುಮದ್ದಿನ ಜತೆಗೇ ಹೋಗೋಣ ಅಂತ ಬುಧವಾರ ಪಾಲಿಕೆಯ ದವಾಖಾನೆಗೆ ಹೋದೆ. 9 ಗಂಟೆಗೇ ಮೂವತ್ತು ಜನ. ಹೆಚ್ಚಿನವರು ಕಟ್ಟಡ ಕೆಲಸದವರು, ಅರ್ಧದಷ್ಟು ನಮ್ಮ ಕಲಬುರಗಿ, ವಿಜಯಪುರ ಕಡೆಯವರೇ. ನನ್ನ ಹಿಂದಿದ್ದ ಹುಡುಗಿ ಕಲಬುರಗಿಯವಳು, ಕೈಯಲ್ಲಿ ನನ್ನಂಥದ್ದೇ ಕಾರ್ಡು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸಲ ಸುತ್ತಿ ಇಟ್ಟುಕೊಂಡಿದ್ದಳು. ಅವಳ ಮಗನಿಗೆ ಒಂದೂ ರೋಟಾ ಆಗಿರಲಿಲ್ಲ, 10 ತಿಂಗಳು. ಸಾಲಿನಲ್ಲಿ ನಿಂತಿದ್ದಾಗಲೇ ನನ್ನ ಫೋನಿಗೆ ಮೆಸೇಜು ಬಂತು, ಕ್ಲೇಮಿನ 33,450 ಜಮಾ.

ಒಳಗೆ ಸಿಸ್ಟರ್ "ಹೇ ಕಾಯ್?" ಅಂದರು. ತಾಯಿ ಕಾರ್ಡು ಅಂದೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. "ಯಾವ ತಾಈದು, ನಿಮ್ಮದಲ್ವಾ ಮಗು?" ಅಂತ ಅವರು, ನನ್ನದೇ ಅಂತ ನಾನು, ಎರಡು ನಿಮಿಷ ಇದೇ ಆಯಿತು. ಲಸಿಕೆಯ ದಾಖಲೆ ಇಡುವ ಸರ್ಕಾರದ ಯು-ವಿನ್‌ ಆ್ಯಪ್‌ನಲ್ಲಿ ನನ್ನ ನಂಬರು ಹಾಕಿದರೆ ಮಗುವೇ ಇಲ್ಲ. ಆಮೇಲೆ ಹೊಳೆಯಿತು, ಊರಲ್ಲಿ ಅಮ್ಮನ ನಂಬರು ಕೊಟ್ಟಿದ್ದೆ. ಓಟಿಪಿ ಅಮ್ಮನ ಫೋನಿಗೆ. ಅಮ್ಮ ಆಗ ಗುಡಿಯಲ್ಲಿ. ಇಪ್ಪತ್ತು ನಿಮಿಷ ಪಕ್ಕಕ್ಕೆ ನಿಂತೆ. ಬೇರೆ ರಾಜ್ಯಕ್ಕೆ ಹೋಗುವವರು ಹೊರಡುವ ಮುಂಚೆ ಈ ನಂಬರು ನೋಡಿಕೊಳ್ಳಿ, ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಡಿ.

ಅಂತೂ ಬಾಯಿಗೆ 5 ಹನಿ ಬಿತ್ತು. ಪುಕ್ಕಟೆ. ಪುಟ್ಟಿ ಚಪ್ಪರಿಸಿ ಇನ್ನೂ ಬೇಕು ಅನ್ನುವ ಹಾಗೆ ಬಾಯಿ ತೆರೆದಳು, ಅಷ್ಟರಲ್ಲಿ ತೋಳಿಗೆ ಸೂಜಿ. ಆಗ ಅತ್ತಳು, ಕಣ್ಣೀರು ಸುರಿಸಿಕೊಂಡು. ನಾನು ಆ ಕಣ್ಣೀರನ್ನೇ ನೋಡುತ್ತಿದ್ದೆ. ಸಿಸ್ಟರ್ ಖಾಲಿ ಚೌಕದಲ್ಲಿ ದೇವನಾಗರಿ ಅಂಕಿಯಲ್ಲಿ ತಾರೀಕು ಬರೆದು, ಪಕ್ಕದ ಕನ್ನಡ ಸಾಲನ್ನು ತೋರಿಸಿ ಇಲ್ಲಿ ಏನಂತ ಬರೆದಿದೆ ಅಂತ ಕೇಳಿದರು. ಓದಿ ಹೇಳಿದೆ. "ಹಾಗಾದರೆ ಸ್ವಲ್ಪ ನಿಲ್ಲಿ" ಅಂದರು, ಹಿಂದಿದ್ದ ಕಲಬುರಗಿಯ ಹುಡುಗಿಯ ಕಾರ್ಡನ್ನು ನನ್ನ ಕೈಗೆ ಕೊಟ್ಟರು.